ಹಾಸಿಗೆಯ ನಾಲ್ಕನೆಯ ಮೂಲೆ

(ಓದತಕ್ಕ ಭಾಗ: ಮಾರ್ಕನು ಬರೆದ ಸುವಾರ್ತೆ, ೨ನೇ ಅಧ್ಯಾಯ, ೧ರಿಂದ ೧೨ನೇ ವಚನಗಳು)



ಮೋಟಾರು ಬಂಡಿಗಳಿಲ್ಲದ ಕಾಲದಲ್ಲಿ ನಮ್ಮ ಸೀಮೆಯ ಹಳ್ಳಿಗಳೊಳಗೆ ಒಬ್ಬನು ಏಳಲಾರದೆ ಮಲಗಿದರೆ ನೆರೆಯವರು ಏನು ಮಾಡುತ್ತಿದ್ದರೆಂಬದನ್ನು ಮನೆಯ ಹಿರಿಯರಿಂದ ನೀವು ಕೇಳಿರಬಹುದು. ಒಂದು ಕಂಬಳಿಯನ್ನು ಬಿದಿರ ಗಳುವಿಗೆ ಜೋಲಿಯಾಗಿ ಕಟ್ಟುವರು. ರೋಗಿಯನ್ನು ಅದರಲ್ಲಿ ಮಲಗಿಸುವರು. ಮುಂದೊಬ್ಬನು ಹಿಂದೊಬ್ಬನು ಹೆಗಲು ಕೊಟ್ಟು, ದಾರಿಯಲ್ಲಿ ಹೆಗಲು ಬದಲಾಯಿಸುತ್ತಾ, ಆಸ್ಪತ್ರೆಯಿರುವ ಪಟ್ಟಣಕ್ಕೆ ನಡೆಯುವರು. ಹೊತ್ತವನಿಗೆ ಕೂಲಿಯಿಲ್ಲ, ಹೊರಿಸಿಕೊಂಡವನಿಗೆ ಲೆಕ್ಕವಿಲ್ಲ. ನೆರೆಮನೆಯಲ್ಲಿ ಕಷ್ಟ ಬಂತೆಂದರೆ ಅದು ಹೆಗಲುಳ್ಳವನ ಕೆಲಸವೇ ಎಂದು ಎಣಿಸಿದವರು ಎಲ್ಲಾ ಊರುಗಳಲ್ಲಿಯೂ ಇದ್ದರು.

ಇಂಥ ಒಂದು ನೋಟವನ್ನೇ ಮಾರ್ಕನು ನಮ್ಮ ಕಣ್ಣ ಮುಂದೆ ಇಡುತ್ತಾನೆ. ಯೇಸು ಸ್ವಾಮಿಯು ಕಪೆರ್ನೌಮಿನಲ್ಲಿ ಒಂದು ಮನೆಯೊಳಗೆ ಇದ್ದಾನೆಂಬ ಸುದ್ದಿ ಊರಲ್ಲೆಲ್ಲಾ ಹಬ್ಬಿತು. ಜನರು ಬಂದು ತುಂಬಿದ್ದರಿಂದ ಬಾಗಿಲ ಬಳಿಯಲ್ಲಿಯೂ ನಿಲ್ಲಲು ಸ್ಥಳವಿರಲಿಲ್ಲ. ಆಗ ಪಾರ್ಶ್ವವಾಯುವಿನಿಂದ ಬಿದ್ದಿದ್ದ ಒಬ್ಬನನ್ನು ನಾಲ್ಕು ಮಂದಿ ಹೊತ್ತುಕೊಂಡು ಬಂದರು. ಗುಂಪು ದಾರಿ ಬಿಡಲಿಲ್ಲ. ಅವರು ಮನೆಯ ಮೇಲಕ್ಕೆ ಹತ್ತಿ, ಮಾಳಿಗೆಯನ್ನು ತೆಗೆದು, ಅವನನ್ನು ಹಾಸಿಗೆಸಹಿತ ಸ್ವಾಮಿಯ ಮುಂದೆ ಇಳಿಸಿದರು. ಕರ್ತನು ಆ ರೋಗಿಯ ನಂಬಿಕೆಯನ್ನು ಮಾತ್ರವಲ್ಲ, ಹೊತ್ತು ತಂದವರ ನಂಬಿಕೆಯನ್ನೂ ನೋಡಿದನೆಂದು ಸುವಾರ್ತೆಯ ಮಾತಿನಿಂದ ತಿಳಿಯಬಹುದು. ಕಡೆಯಲ್ಲಿ ಆ ಮನುಷ್ಯನು ಪಾಪಕ್ಷಮೆಯನ್ನೂ ಸ್ವಸ್ಥತೆಯನ್ನೂ ಹೊಂದಿ, ತಾನು ಬಿದ್ದಿದ್ದ ಹಾಸಿಗೆಯನ್ನು ತಾನೇ ಹೊತ್ತುಕೊಂಡು ಹೋದನು.

ಈ ನಾಲ್ವರ ಹೆಸರುಗಳು ಸತ್ಯವೇದದಲ್ಲಿ ಎಲ್ಲಿಯೂ ಇಲ್ಲ. ಅವರು ಶಿಷ್ಯರಾಗಿದ್ದರೋ ಇಲ್ಲವೋ ಅದೂ ಬರೆದಿಲ್ಲ. ಅವರಿಗೆ ಒಂದೊಂದು ಮೂಲೆ ಇತ್ತು. ಅದನ್ನು ಅವರು ಬಿಡಲಿಲ್ಲ. ಇಷ್ಟೇ ನಮಗೆ ಗೊತ್ತು. ಇಷ್ಟರಿಂದಲೇ ನಾವು ಕಲಿಯತಕ್ಕ ಮೂರು ಪಾಠಗಳಿವೆ.

ಮೊದಲನೆಯದಾಗಿ, ಒಬ್ಬೊಬ್ಬನು ಒಂದೊಂದು ಮೂಲೆಯನ್ನು ಹಿಡಿದನು.

ನಾಲ್ವರಲ್ಲಿ ಒಬ್ಬನು, 'ಉಳಿದ ಮೂವರಿದ್ದಾರಲ್ಲಾ' ಎಂದು ಕೈಬಿಟ್ಟಿದ್ದರೆ ಏನಾಗುತ್ತಿತ್ತು? ಹಾಸಿಗೆ ಒಂದು ಕಡೆಗೆ ವಾಲಿ ರೋಗಿಯು ಕೆಳಗೆ ಬೀಳುತ್ತಿದ್ದನು. ನಮ್ಮ ಸಭೆಗಳಲ್ಲಿ ಈ ನಾಲ್ಕನೆಯ ಮೂಲೆಯೇ ಬಹಳ ಸಾರಿ ಖಾಲಿಯಾಗಿರುತ್ತದೆ. ಸಭಾಪಾಲಕರು ಒಂದು ಮೂಲೆಯನ್ನು ಹಿಡಿದಿರುತ್ತಾರೆ. ಒಬ್ಬಿಬ್ಬರು ಹಿರಿಯರು ಮತ್ತೊಂದನ್ನು. ಕೆಲವು ಮಂದಿ ಸಹೋದರಿಯರು ಮೂರನೆಯದನ್ನು. ನಾಲ್ಕನೆಯದು ಯಾರದು? ಭಾನುವಾರ ಆರಾಧನೆಗೆ ಬಂದು, ಕಾಣಿಕೆ ಹಾಕಿ, ಆಶೀರ್ವಾದ ಮುಗಿದೊಡನೆ ಮನೆಗೆ ತೆರಳುವ ನಮ್ಮೆಲ್ಲರದು.

ಈ ಅಭ್ಯಾಸ ನಮಗೆ ಹೇಗೆ ಬಂತೆಂದು ಯೋಚಿಸಬೇಕು. ೧೮೭೬ರಿಂದ ೧೮೭೮ರ ವರೆಗೆ ಮೈಸೂರು ಸೀಮೆಯಲ್ಲಿ ಭಯಂಕರವಾದ ಕ್ಷಾಮವುಂಟಾಯಿತು. ೧೮೭೧ರ ಜನಗಣತಿಯಲ್ಲಿ ಸುಮಾರು ೫೦ ಲಕ್ಷವಿದ್ದ ಜನಸಂಖ್ಯೆ ೧೮೮೧ರಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿದಿತ್ತು. ಆ ದಿನಗಳಲ್ಲಿ ಮಿಷನಿನವರು ಗಂಜಿ ಹಾಕಿಸಿದರು. ತಂದೆತಾಯಿಗಳಿಲ್ಲದ ಮಕ್ಕಳನ್ನು ಸಾಕಿ ಓದಿಸಿದರು. ನಮ್ಮ ಅನೇಕ ಕುಟುಂಬಗಳ ಕಥೆ ಅಲ್ಲಿಂದಲೇ ಆರಂಭವಾಗುತ್ತದೆ. ಆಮೇಲೆ ಶಾಲೆಗಳು ಬಂದವು. ಮೈಸೂರಿನ ಮಂಡಿ ಮೊಹಲ್ಲೆಯಲ್ಲಿ ವೆಸ್ಲಿಯನ್ ಮಿಷನಿನವರು ಮೇರಿ ಹೋಲ್ಡ್ಸ್‌ವರ್ತ್ ಎಂಬ ಮಹಿಳೆಯ ಜ್ಞಾಪಕಾರ್ಥವಾಗಿ ಸ್ತ್ರೀಯರಿಗೂ ಮಕ್ಕಳಿಗೂ ೧೯೦೬ರಲ್ಲಿ ಆಸ್ಪತ್ರೆಯನ್ನು ತೆರೆದರು. ಜನರು ಅದನ್ನು ಮಿಷನ್ ಆಸ್ಪತ್ರೆಯೆಂದೇ ಕರೆದರು. ಪುರುಷ ವೈದ್ಯರ ಮುಂದೆ ಬರಲು ನಾಚಿ ಹೆರಿಗೆಯಲ್ಲಿಯೇ ಪ್ರಾಣ ಬಿಡುವ ತಾಯಂದಿರಿದ್ದ ಕಾಲ ಅದು. ಪರರ ಹುಣ್ಣು ತೊಳೆಯುವದು, ಮೈಲಿಗೆಯ ಬಟ್ಟೆ ಮುಟ್ಟುವದು ಕೀಳು ಕೆಲಸವೆಂದು ಲೋಕವು ಎಣಿಸುತ್ತಿದ್ದಾಗ ಕ್ರೈಸ್ತ ಹೆಣ್ಣು ಮಕ್ಕಳು ದಾದಿಯರಾಗಿ ನಿಂತರು. ಇದು ನಾವು ಮರೆಯಬಾರದ ಗೌರವ.

ಆದರೆ ಈ ಒಳ್ಳೇದರೊಂದಿಗೆ ಒಂದು ದುರಭ್ಯಾಸವೂ ಬೆಳೆಯಿತು. ಶಾಲೆಗೆ ಸಂಬಳದ ಉಪಾಧ್ಯಾಯನು, ಮನೆ ಭೇಟಿಗೆ ಸಂಬಳದ ಬೈಬಲ್ ಸ್ತ್ರೀ, ಸುವಾರ್ತೆಗೆ ಸಂಬಳದ ಉಪದೇಶಿ, ಇವರೆಲ್ಲರಿಗೂ ಸಮುದ್ರದಾಚೆಯಿಂದ ಹಣ. ಹೀಗೆ ಎರಡು ಮೂರು ತಲೆಮಾರು ಕಳೆಯುವಷ್ಟರಲ್ಲಿ ಸೇವೆಯೆಂದರೆ ನೌಕರಿ ಎಂಬ ಭಾವನೆ ನಮ್ಮೊಳಗೆ ಬೇರೂರಿತು. ೧೯೪೭ನೇ ಸೆಪ್ಟೆಂಬರ್ ೨೭ರಂದು ಆಂಗ್ಲಿಕನ್, ಮೆಥೊಡಿಸ್ಟ್ ಮತ್ತು ಸಂಯುಕ್ತ ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆಯಾದವು. ಹೊಣೆ ನಮ್ಮ ಕೈಗೆ ಬಂತು. ಆದರೂ, 'ಮಿಷನಿನವರು ನೋಡಿಕೊಳ್ಳುವರು' ಎಂಬ ಹಳೆಯ ಮಾತು, 'ಅಯ್ಯನವರು ನೋಡಿಕೊಳ್ಳುವರು' ಎಂದು ರೂಪ ಬದಲಾಯಿಸಿತೇ ಹೊರತು ಹೋಗಲಿಲ್ಲ.

ಅಪೊಸ್ತಲರ ಕಾಲದಲ್ಲಿಯೂ ಈ ಪ್ರಶ್ನೆ ಎದ್ದಿತ್ತು. ಪ್ರತಿದಿನದ ಹಂಚಿಕೆಯಲ್ಲಿ ಕೆಲವು ವಿಧವೆಯರು ಕಡೆಗಣಿಸಲ್ಪಟ್ಟರೆಂಬ ದೂರು ಬಂತೆಂದು ಅಪೊಸ್ತಲರ ಕೃತ್ಯಗಳ ೬ನೇ ಅಧ್ಯಾಯದಲ್ಲಿ ಓದುತ್ತೇವೆ. ಆಗ ಹನ್ನೆರಡು ಮಂದಿ ಎಲ್ಲವನ್ನೂ ತಮ್ಮ ತಲೆಯ ಮೇಲೆ ಹಾಕಿಕೊಳ್ಳಲಿಲ್ಲ. ಸಭೆಯವರೇ ತಮ್ಮೊಳಗಿಂದ ಏಳು ಮಂದಿಯನ್ನು ಆರಿಸಿಕೊಂಡರು. ಇಂಗ್ಲೆಂಡಿನ ಗ್ಲಾಸ್ಟರ್ ಎಂಬ ಊರಿನಲ್ಲಿ ರಾಬರ್ಟ್ ರೇಕ್ಸ್ ಎಂಬ ಪತ್ರಿಕೆಯ ಒಡೆಯನು, ವಾರವೆಲ್ಲಾ ದುಡಿಯುವ ಬಡ ಮಕ್ಕಳಿಗಾಗಿ ೧೭೮೦ರಲ್ಲಿ ಭಾನುವಾರದ ಶಾಲೆಯನ್ನು ನಡೆಸಲು ಆರಂಭಿಸಿದನು. ಮೊದಲು ಕಲಿಸುವವರಿಗೆ ಕೂಲಿ ಕೊಡಬೇಕಾಯಿತು. ಕೂಲಿಯಿಲ್ಲದೆ ಕಲಿಸುವವರು ಮುಂದೆ ಬಂದ ಮೇಲೆಯೇ ಆ ಶಾಲೆಗಳು ದೇಶದೇಶಗಳಿಗೆ ಹಬ್ಬಿದವು. ನಮ್ಮ ದೇಶದ ಮಿಜೋರಾಮಿನ ಸಭೆಯವರು ೧೯೧೦ರಿಂದ ಒಂದು ಪದ್ಧತಿಯನ್ನು ನಡೆಸಿಕೊಂಡು ಬಂದಿದ್ದಾರೆ: ಅಡಿಗೆಗೆ ಅಕ್ಕಿ ತೆಗೆಯುವಾಗಲೆಲ್ಲಾ ಮನೆಯಾಕೆಯು ಒಂದು ಹಿಡಿಯನ್ನು ದೇವರ ಕೆಲಸಕ್ಕಾಗಿ ಬೇರೆ ಇಡುವಳು. ಬಡವರ ಹಿಡಿ ಅಕ್ಕಿಯೇ ಅಲ್ಲಿ ಸಭೆಯ ಕೆಲಸಕ್ಕೆ ದೊಡ್ಡ ಆಧಾರವಾಯಿತು. ನಮ್ಮ ಮಡಕೆಯಲ್ಲಿಯೂ ಆ ಒಂದು ಹಿಡಿ ಇಲ್ಲವೇ?

ಎರಡನೆಯದಾಗಿ, ಬಾಗಿಲು ಮುಚ್ಚಿದ್ದರೂ ಅವರು ಹಿಂದಿರುಗಲಿಲ್ಲ.

ಹಿನಕಲ್ಲಿನಲ್ಲಿಯೂ ಅದರ ಸುತ್ತಲೂ ವಾಸಿಸುವ ವಿಶ್ವಾಸಿಗಳೇ, ಈ ಮಾತು ವಿಶೇಷವಾಗಿ ನಿಮಗೆ. ನನ್ನೇಶ್ವರ ದೇವಸ್ಥಾನವುಳ್ಳ ಈ ಹಳೆಯ ಊರು ಒಂದಾನೊಂದು ಕಾಲದಲ್ಲಿ ಮೈಸೂರಿನಿಂದ ಹುಣಸೂರಿಗೆ ಹೋಗುವ ದಾರಿಯಲ್ಲಿ ಹೊಲಗಳ ನಡುವೆ ಇದ್ದ ಗ್ರಾಮವಾಗಿತ್ತು. ಈಗ ವಿಜಯನಗರದ ಬಡಾವಣೆಗಳು ಒಂದು ಕಡೆಯಿಂದಲೂ ಹೆಬ್ಬಾಳು ಹೂಟಗಳ್ಳಿಗಳ ಕಾರ್ಖಾನೆಗಳು ಮತ್ತೊಂದು ಕಡೆಯಿಂದಲೂ ಅದನ್ನು ಮುಟ್ಟಿವೆ. ವರ್ತುಲ ರಸ್ತೆ ಕೂಡುವೆಡೆಯಲ್ಲಿ ಮೇಲ್ಸೇತುವೆ ಎದ್ದಿದೆ. ೨೦೨೦ರಲ್ಲಿ ಹೂಟಗಳ್ಳಿ ನಗರಸಭೆಯಾದಾಗ ಹಿನಕಲ್ ಗ್ರಾಮ ಪಂಚಾಯತಿಯು ಅದರೊಳಗೆ ಸೇರಿತು. ಹಳ್ಳಿಯಲ್ಲಿದ್ದಾಗ ನೆರೆಯವನ ತಾತನ ಹೆಸರೂ ನಮಗೆ ಗೊತ್ತಿತ್ತು. ಈಗ ಗೋಡೆಯಾಚೆಯ ಬಾಡಿಗೆಯ ಕೋಣೆಯಲ್ಲಿ ಯಾರಿದ್ದಾರೆಂಬದು ಗೊತ್ತಿಲ್ಲ. ಕಪೆರ್ನೌಮಿನಲ್ಲಿ ಜನರ ಗುಂಪು ಬಾಗಿಲನ್ನು ಅಡ್ಡಗಟ್ಟಿತು. ಇಲ್ಲಿಯೂ ಗುಂಪೇ ಅಡ್ಡ. ಇಷ್ಟು ಜನರ ನಡುವೆ ಒಬ್ಬನು ಒಂಟಿಯಾಗಿ ಬಿದ್ದಿದ್ದರೆ ಯಾರಿಗೂ ಕಾಣುವದಿಲ್ಲ.

ಇಂಥ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿರಿ. ದೂರದ ತಾಲ್ಲೂಕಿನಿಂದ ಕೆಲಸ ಹುಡುಕಿಕೊಂಡು ಬಂದ ಒಬ್ಬನು ಕಾರ್ಖಾನೆಯಲ್ಲಿ ದಿನಗೂಲಿಗೆ ಸೇರಿದ್ದಾನೆ. ಹೆಂಡತಿ ಹೊಲಿಗೆಯ ಕಾರ್ಖಾನೆಗೆ ಹೋಗುವಳು. ಇಬ್ಬರು ಮಕ್ಕಳು. ಅವನಿಗೆ ಕೆಮ್ಮು ನಿಲ್ಲದೆ, ಪರೀಕ್ಷೆ ಮಾಡಿಸಿದಾಗ ಕ್ಷಯವೆಂದು ತಿಳಿಯಿತು. ಈ ರೋಗವು ಅರಮನೆಯನ್ನೂ ಬಿಟ್ಟಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದ ತೀರಿಕೊಂಡರು. ಮೈಸೂರಿನ ಕ್ಷಯರೋಗದ ಆಸ್ಪತ್ರೆಗೆ ಅವರ ಹೆಸರನ್ನೇ ಇಟ್ಟರು. ಆಗ ಮದ್ದಿರಲಿಲ್ಲ. ಈಗ ಮದ್ದುಂಟು, ಸರ್ಕಾರವು ಧರ್ಮಾರ್ಥವಾಗಿ ಕೊಡುತ್ತದೆ. ಆಹಾರಕ್ಕೆಂದು ೨೦೧೮ರಿಂದ ತಿಂಗಳಿಗೆ ೫೦೦ ರೂಪಾಯಿಯನ್ನೂ ೨೦೨೪ರ ನವೆಂಬರಿನಿಂದ ೧೦೦೦ ರೂಪಾಯಿಯನ್ನೂ ರೋಗಿಗೆ ಗೊತ್ತುಮಾಡಿದೆ.

ಹಾಗಾದರೆ ಕಷ್ಟವೇನು? ಸಾಧಾರಣವಾದ ಕ್ಷಯಕ್ಕೆ ಆರು ತಿಂಗಳು ತಪ್ಪದೆ ಮಾತ್ರೆ ನುಂಗಬೇಕು. ಎರಡು ತಿಂಗಳಾಗುವಷ್ಟರಲ್ಲಿ ಕೆಮ್ಮು ನಿಲ್ಲುವದು, ಮೈಯಲ್ಲಿ ಶಕ್ತಿ ಬರುವದು. 'ಇನ್ನೇಕೆ ಮದ್ದು?' ಎಂದು ರೋಗಿಯು ಬಿಟ್ಟುಬಿಡುತ್ತಾನೆ. ಬಿಟ್ಟರೆ ರೋಗವು ಮರಳಿ ಬರುವದು. ಆಗ ಮೊದಲಿನ ಮದ್ದಿಗೆ ಅದು ಬಗ್ಗದೆ ಹೋಗಬಹುದು. ವೈದ್ಯನು ಬರೆದುಕೊಡಬಲ್ಲನು, ಆಶಾ ಕಾರ್ಯಕರ್ತೆಯು ವಿಚಾರಿಸಬಲ್ಲಳು. ಆದರೆ ಆಕೆಗೆ ನೋಡತಕ್ಕ ಮನೆಗಳು ಬಹಳ. ದಿನದಿನವೂ ಬಾಗಿಲಲ್ಲಿ ನಿಂತು, 'ಅಣ್ಣಾ, ಈ ಹೊತ್ತಿನ ಮಾತ್ರೆ ಆಯಿತೇ?' ಎಂದು ಕೇಳುವ ನೆರೆಯವನು ಬೇಕು.

ನೋಡಿರಿ, ಇಲ್ಲಿ ನಾಲ್ಕು ಮೂಲೆಗಳಿವೆ. ಹೀಗೆ ದಿನವೂ ವಿಚಾರಿಸುವದು ಒಬ್ಬನ ಮೂಲೆ. ಪರೀಕ್ಷೆಯ ದಿವಸ ಜೊತೆಯಲ್ಲಿ ಆಸ್ಪತ್ರೆಗೆ ಹೋಗಿ, ಸಾಲಿನಲ್ಲಿ ನಿಂತು, ಚೀಟಿ ಓದಿ ಹೇಳುವದು ಮತ್ತೊಬ್ಬನದು. ವಾರಕ್ಕೊಮ್ಮೆ ರಾಗಿಯನ್ನೋ ಬೇಳೆಯನ್ನೋ ಮೊಟ್ಟೆಯನ್ನೋ ಕೊಂಡೊಯ್ಯುವದು ಮೂರನೆಯವಳದು. ಇಂಥ ಸಹಾಯ ಮಾಡುವವರು ಹೆಸರು ಕೊಟ್ಟು ಸೇರಲು ಸರ್ಕಾರವು ೨೦೨೨ರಲ್ಲಿ ನಿಕ್ಷಯ್ ಮಿತ್ರ ಎಂಬ ಏರ್ಪಾಡನ್ನೂ ಮಾಡಿತು. ತಾಯಿಯು ಕೆಲಸದಿಂದ ಬರುವ ತನಕ ಆ ಇಬ್ಬರು ಮಕ್ಕಳನ್ನು ತನ್ನ ಜಗಲಿಯಲ್ಲಿ ಕೂಡ್ರಿಸಿಕೊಂಡು ಮಗ್ಗಿಯನ್ನೋ ಪಾಠವನ್ನೋ ಹೇಳಿಕೊಡುವದು ನಾಲ್ಕನೆಯವನದು. ಇವುಗಳಲ್ಲಿ ಯಾವದು ನಮ್ಮ ಶಕ್ತಿಗೆ ಮೀರಿದ್ದು? ಯಾವದಕ್ಕೆ ದೀಕ್ಷೆ ಬೇಕು?

'ನನಗೆ ವಿದ್ಯೆಯಿಲ್ಲ' ಎನ್ನುವಿರೋ? ಯೊಪ್ಪದ ತಬಿಥಾ ಎಂಬಾಕೆಯ ಕೈಯಲ್ಲಿ ಸೂಜಿಯಿತ್ತು. ಆಕೆ ಸತ್ತಾಗ ವಿಧವೆಯರು ಆಕೆಯು ಹೊಲಿದುಕೊಟ್ಟ ಬಟ್ಟೆಗಳನ್ನು ಪೇತ್ರನಿಗೆ ತೋರಿಸಿ ಅತ್ತರು. 'ನನಗೆ ಹಣವಿಲ್ಲ' ಎನ್ನುವಿರೋ? ಹದಿನೆಂಟು ವರುಷ ದಾಟಿ, ನಾಲ್ವತ್ತೈದು ಕಿಲೋ ತೂಕವಿದ್ದು, ಆರೋಗ್ಯವಾಗಿರುವ ಯೌವನಸ್ಥನು ಮೂರು ತಿಂಗಳಿಗೊಮ್ಮೆ, ಯೌವನಸ್ಥೆಯು ನಾಲ್ಕು ತಿಂಗಳಿಗೊಮ್ಮೆ ರಕ್ತದಾನ ಮಾಡಬಹುದು. ಹೆರಿಗೆಯಲ್ಲಿ ರಕ್ತ ಹೋದ ತಾಯಿಗೆ ಅದಕ್ಕಿಂತ ದೊಡ್ಡ ಕಾಣಿಕೆ ಯಾವದು? 'ನನಗೆ ಪುರುಸೊತ್ತಿಲ್ಲ' ಎನ್ನುವಿರೋ? ಮಾಳಿಗೆಯನ್ನು ತೆಗೆದವರಿಗೂ ಮನೆಯಲ್ಲಿ ಕೆಲಸವಿದ್ದಿರಬೇಕು. 'ನಾನು ಮುದುಕನಾದೆನು' ಎನ್ನುವಿರೋ? ಪಿಂಚಣಿಯ ಅರ್ಜಿ ಎಲ್ಲಿ ಕೊಡಬೇಕೆಂದು ತಿಳಿಯದೆ ಅಲೆಯುವ ವಿಧವೆಗೆ ನಿಮ್ಮ ಅನುಭವವೇ ದಾರಿ ತೋರಿಸುವದು.

'ರೋಗ ನಮಗೂ ತಗಲೀತು' ಎಂಬ ಭಯವು ಸುಳ್ಳಲ್ಲ, ಅದನ್ನು ಹೀಯಾಳಿಸಬಾರದು. ಸರಿಯಾದ ಮದ್ದು ಆರಂಭವಾಗಿ ಕೆಲವು ವಾರಗಳಾದ ಮೇಲೆ ಕ್ಷಯವು ಹರಡುವ ಭಯ ಬಹಳ ತಗ್ಗುತ್ತದೆ. ಕಿಟಕಿ ತೆರೆದಿರಲಿ, ಬಾಯಿಮೂಗಿಗೆ ಬಟ್ಟೆಯಿರಲಿ, ವೈದ್ಯರನ್ನು ಕೇಳಿ ಹೋಗಿರಿ. ದೇವರು ಪ್ರೀತಿಯನ್ನು ಕೊಟ್ಟಂತೆಯೇ ಬುದ್ಧಿಯನ್ನೂ ಕೊಟ್ಟಿದ್ದಾನೆ. ಎರಡನ್ನೂ ಜೊತೆಯಲ್ಲಿ ತೆಗೆದುಕೊಂಡು ಹೋಗಿರಿ.

ಮೂರನೆಯದಾಗಿ, ಎದ್ದವನು ತನ್ನ ಹಾಸಿಗೆಯನ್ನು ತಾನೇ ಹೊತ್ತುಕೊಂಡು ಮನೆಗೆ ಹೋದನು.

ಇದನ್ನು ನಾವು ಅನೇಕ ವೇಳೆ ಗಮನಿಸುವದಿಲ್ಲ. ಹೊತ್ತು ತಂದ ನಾಲ್ವರು ಅವನನ್ನು ತಡೆದು, 'ನಾವಲ್ಲವೇ ನಿನ್ನನ್ನು ತಂದವರು? ನಮ್ಮ ಹಿಂದೆ ಬಾ' ಎಂದು ಹೇಳಿದ್ದು ಸುವಾರ್ತೆಯಲ್ಲಿಲ್ಲ. ಅವನು ತನ್ನ ಮನೆಗೆ ಹೋದನು. ಸೇವೆಯ ಗುರಿ ಇದೇ: ಬಿದ್ದವನು ಎದ್ದು ತನ್ನ ಕಾಲ ಮೇಲೆ ನಿಲ್ಲಬೇಕು, ನಮ್ಮ ಉಪಕಾರಕ್ಕೆ ಕಟ್ಟುಬಿದ್ದು ತಲೆ ತಗ್ಗಿಸಿ ನಿಲ್ಲಬಾರದು.

ಕ್ಷಾಮದ ಕಾಲದಲ್ಲಿ ನಮ್ಮ ಅಜ್ಜಂದಿರನ್ನು ಜನರು ಏನೆಂದು ಹಂಗಿಸಿದರು? ಗಂಜಿಗಾಗಿ ಮತ ಬಿಟ್ಟವರೆಂದು. ಆ ನಿಂದೆಯ ನೋವು ನಮಗೆ ಗೊತ್ತು. ಆದಕಾರಣ ಪ್ರಿಯರೇ, ನಮ್ಮ ಕೈಯ ಅನ್ನವು ಎಂದಿಗೂ ಗಾಳಕ್ಕೆ ಸಿಕ್ಕಿಸಿದ ಎರೆಯಾಗಬಾರದು. ಕ್ಷಯರೋಗಿಯ ಮನೆಗೆ ಬೇಳೆಯನ್ನು ಕೊಂಡೊಯ್ಯುವಾಗ, 'ಬರುವ ಭಾನುವಾರ ದೇವಾಲಯಕ್ಕೆ ಬರುವೆಯಾ?' ಎಂಬ ಷರತ್ತನ್ನು ಅದರೊಳಗೆ ಬೆರಸಬೇಡಿರಿ. ಅವನು ನಮ್ಮವನೋ, ಬೇರೆ ದೇವರನ್ನು ಪೂಜಿಸುವವನೋ, ನಮಾಜು ಮಾಡುವವನೋ ಎಂದು ಹಾಸಿಗೆ ಎತ್ತುವದಕ್ಕೆ ಮೊದಲು ಕೇಳಬೇಡಿರಿ. ಸಮಾರ್ಯದವನ ಸಾಮ್ಯದಲ್ಲಿ ಗಾಯಪಟ್ಟವನು ಗುಣವಾದ ಮೇಲೆ ಯಾವ ಬೆಟ್ಟದ ಮೇಲೆ ಆರಾಧಿಸಿದನೆಂಬದನ್ನು ಕರ್ತನು ಹೇಳಲೇ ಇಲ್ಲ. ನೀವು ಏಕೆ ಬಂದಿರೆಂದು ಅವನಾಗಿಯೇ ಕೇಳಿದರೆ, ನಿಮ್ಮನ್ನು ಹೊತ್ತವನು ಯಾರೆಂಬದನ್ನು ಸಂಕೋಚವಿಲ್ಲದೆ ಹೇಳಿರಿ. ಕೇಳದಿದ್ದರೆ ಬೇಳೆಯನ್ನು ಕೊಟ್ಟು, ಕ್ಷೇಮ ವಿಚಾರಿಸಿ ಬನ್ನಿರಿ.

ಇನ್ನೊಂದು ಎಚ್ಚರಿಕೆ. ನಾವು ನೋಡಿದ ಕಷ್ಟವನ್ನು ಊರಿಗೆ ಸಾರಬಾರದು. ಪ್ರಾರ್ಥನಾ ಕೂಟದಲ್ಲಿ ಎದ್ದು, ಇಂಥ ಮನೆಯಲ್ಲಿ ಇಂಥ ರೋಗವೆಂದು ಹೆಸರು ಹಿಡಿದು ಹೇಳಿ ಪ್ರಾರ್ಥಿಸಿದರೆ, ಮಾರನೆಯ ದಿನ ಮನೆಯ ಯಜಮಾನನು ಅವರನ್ನು ಬಾಡಿಗೆಯ ಕೋಣೆ ಬಿಡಿಸಾನು, ಕೆಲಸವೂ ಹೋದೀತು. 'ಕಷ್ಟದಲ್ಲಿರುವ ಒಂದು ಕುಟುಂಬ' ಎಂದರೆ ಸಾಕು. ದೇವರಿಗೆ ವಿಳಾಸ ಗೊತ್ತು. ಕೊಡುವಾಗ ಭಾವಚಿತ್ರ ತೆಗೆಸಿ ಹಂಚುವದೂ ಹೀಗೆಯೇ. ಪಡೆಯುವವನ ತಗ್ಗಿದ ಮುಖವನ್ನು ನಮ್ಮ ಕೀರ್ತಿಗೆ ಮೆಟ್ಟಲಾಗಿ ಮಾಡಬಾರದು. ಆ ನಾಲ್ವರ ಹೆಸರು ಬರೆದಿಡಲ್ಪಡಲಿಲ್ಲ. ಆದರೂ ಕರ್ತನು ಅವರನ್ನು ನೋಡಿದನು.

ಕಡೆಯದಾಗಿ ಒಂದು ಮಾತು. ನಾವು ಬರಿಯ ಹೊರುವವರಲ್ಲ, ಹೊರಲ್ಪಟ್ಟವರು. ನಮ್ಮ ಮುತ್ತಜ್ಜಿಯ ಬಾಯಿಗೆ ಕ್ಷಾಮದಲ್ಲಿ ಗಂಜಿ ಹಾಕಿದ ಒಂದು ಕೈಯಿತ್ತು. ನಮ್ಮ ತಾಯಿಯ ಹೆರಿಗೆಯಲ್ಲಿ ರಾತ್ರಿಯೆಲ್ಲಾ ನಿದ್ದೆಗೆಟ್ಟ ಒಬ್ಬ ದಾದಿಯಿದ್ದಳು. ನಮಗೆ ಅಕ್ಷರ ಕಲಿಸಿದವರೊಬ್ಬರಿದ್ದರು. ಇವರೆಲ್ಲರಿಗಿಂತ ಮೊದಲು, ನಮ್ಮ ಪಾಪದ ಭಾರವನ್ನು ಶಿಲುಬೆಯ ಮೇಲೆ ಹೊತ್ತ ಕರ್ತನಿದ್ದನು. ನಾವು ಯಾರ ಯಾರ ಹೆಗಲ ಮೇಲೆ ಇಲ್ಲಿಯ ತನಕ ಬಂದೆವೆಂಬದನ್ನು ಎಣಿಸಿದರೆ, ನಮ್ಮ ಹೆಗಲನ್ನು ಕೊಡಲು ಹಿಂಜರಿಯುವದಿಲ್ಲ.

ಆದಕಾರಣ ಈ ವಾರ ಪ್ರತಿಯೊಂದು ಕುಟುಂಬವೂ ಸಾಯಂಕಾಲದ ಪ್ರಾರ್ಥನೆಯ ಕಾಲದಲ್ಲಿ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಲಿ: ನಮ್ಮ ಬೀದಿಯಲ್ಲಿ ಏಳಲಾರದೆ ಬಿದ್ದಿರುವವರು ಯಾರು? ಗೊತ್ತಿಲ್ಲವಾದರೆ ಮೊದಲು ಗೊತ್ತುಮಾಡಿಕೊಳ್ಳಲಿ. ಗೊತ್ತಾದ ಮೇಲೆ ಒಂದೇ ಒಂದು ಕೆಲಸವನ್ನು ಆರಿಸಿಕೊಳ್ಳಲಿ. ಹತ್ತನ್ನು ಹಿಡಿದು ತಿಂಗಳಲ್ಲಿ ಬಿಡುವದಕ್ಕಿಂತ ಒಂದನ್ನು ಹಿಡಿದು ಆರು ತಿಂಗಳು ನಡೆಸುವದು ಉತ್ತಮ. ನಡುದಾರಿಯಲ್ಲಿ ಕೈಬಿಟ್ಟ ಹಾಸಿಗೆಯು ಎತ್ತದೇ ಇದ್ದ ಹಾಸಿಗೆಗಿಂತ ಹೆಚ್ಚು ನೋವನ್ನುಂಟುಮಾಡುತ್ತದೆ. ತಾವು ಆರಿಸಿಕೊಂಡ ಮೂಲೆ ಯಾವದೆಂದು ಬರುವ ಭಾನುವಾರ ಸಭಾಪಾಲಕರಿಗೆ ಒಂದು ಮಾತು ತಿಳಿಸಿರಿ. ಇಬ್ಬರು ಒಂದೇ ಮೂಲೆಯನ್ನು ಹಿಡಿದು ಮತ್ತೊಂದು ಖಾಲಿಯಾಗದಂತೆ ಅವರು ಹೊಂದಿಸುವರು.

ಪ್ರಾರ್ಥಿಸೋಣ. ಕರುಣಾಳುವಾದ ತಂದೆಯೇ, ನಾವು ಬಿದ್ದಿದ್ದಾಗ ನಮ್ಮನ್ನು ಹೊತ್ತವರಿಗಾಗಿ ನಿನಗೆ ಸ್ತೋತ್ರ. ನಮ್ಮ ನೆರೆಯಲ್ಲಿಯೇ ಮಲಗಿರುವವನನ್ನು ಕಾಣುವ ಕಣ್ಣನ್ನು ಕೊಡು. ನಮಗೆ ನೇಮಿಸಿದ ಮೂಲೆಯನ್ನು ತೋರಿಸು. ಹಿಡಿದದ್ದನ್ನು ಬಿಡದ ಕೈಯನ್ನು ಕೊಡು. ಉಪಕಾರದ ಹೆಮ್ಮೆಯಿಂದ ನಮ್ಮನ್ನು ಕಾಪಾಡು. ಬಿದ್ದವರು ಎದ್ದು ತಮ್ಮ ಮನೆಗೆ ಹೋಗುವಾಗ ನಾವು ನಿನ್ನನ್ನು ಕೊಂಡಾಡುವಂತೆ ಮಾಡು. ಯೇಸು ಸ್ವಾಮಿಯ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.